ಏಳನೇ ಹಾಡು ಕೇಳಿದವರು

ನನ್ನ ತಮ್ಮನ ಮೊದಲನೇ ಆಲ್ಬಮ್ ಊರಿಗೆ ಹಿಡಿಸಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡನೆಯದು ಬಂದಾಗ ಊರವರು ಮಾಡಿದ ಮುಖ ನೋಡಿ, ಇವರಿಗೆ ಹಾಡೇ ಒಗ್ಗುವುದಿಲ್ಲ ಅಂತ ಯಾರೂ ತಿಳಿಯಬಾರದು. ನಮ್ಮೂರು ಶಲವಡಿಯ ಆಚೆ ಎರೆಹೊಲಗಳ ನಡುವೆ ಇದೆ. ಇಲ್ಲಿ ಟ್ರ್ಯಾಕ್ಟರ್ ಕೊಂಡವನು ನೇಗಿಲಿಗಿಂತ ಮೊದಲು ಸ್ಪೀಕರ್ ಕೊಳ್ಳುತ್ತಾನೆ. ಸೀಟಿನ ಹಿಂದೆ, ತಲೆಯ ಮೇಲೆ, ಎರಡೂ ಮಡ್ಗಾರ್ಡಿನ ಮೇಲೆ ಡಬ್ಬಿಗಳನ್ನು ಕಟ್ಟಿ, ರಂಟೆ ಹೊಡೆಯುವಾಗ ಮೂರು ಹೊಲದಾಚೆ ಇದ್ದವನ ಎದೆಯೂ ಗುದ್ದುವಂತೆ ಹಚ್ಚುತ್ತಾನೆ. ಆ ಸ್ಪೀಕರುಗಳ ಮೇಲೆ ನನ್ನ ತಮ್ಮನ ಮೊದಲನೇ ಆಲ್ಬಮ್ ಒಂದು ಸುಗ್ಗಿ ಪೂರ್ತಿ ಓಡಿತು. ಬಸ್ಸು ತಪ್ಪಿದವನ ಹಾಡು, ಮೆಣಸಿನಕಾಯಿ ಆರಿಸುವವಳ ಹಾಡು, ಎಲ್ಲ ಹಗುರವಾದ ಹಾಡುಗಳು.

ತಮ್ಮ ಹುಬ್ಬಳ್ಳಿಯಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುವ ಅಂಗಡಿಯಲ್ಲಿದ್ದಾನೆ. ಅವನಂಥವರೇ ಇನ್ನೂ ಮೂವರು ಸೇರಿ ಬ್ಯಾಂಡು ಕಟ್ಟಿಕೊಂಡಿದ್ದಾರೆ. ಗಿಟಾರು, ದೊಡ್ಡ ಗಿಟಾರು, ಡ್ರಮ್ಮು, ಮತ್ತೆ ಇವನ ಗಂಟಲು. ಇದು ಎಂಥ ಸಂಗೀತವೋ ಎಂದು ನಾನು ಒಮ್ಮೆ ಕೇಳಿದ್ದೆ. ಅಮೇರಿಕದ ದಕ್ಷಿಣ ಸೀಮೆಯಲ್ಲಿ ಹುಟ್ಟಿದ ರಾಕ್, ಅದರಲ್ಲೂ ಭಾರವಾದದ್ದು, ಅಂದ. ಅಲ್ಲೂ ಹತ್ತಿ ಬೆಳೆಯುತ್ತಾರಂತೆ, ಅಲ್ಲೂ ಹತ್ತಿ ಬಿಡಿಸಿದವರು ಒಬ್ಬರು, ಉಟ್ಟವರು ಇನ್ನೊಬ್ಬರಂತೆ. ನಾನು ಹೈಸ್ಕೂಲಿನಲ್ಲಿ ಸಮಾಜ ಕಲಿಸುವವಳು, ಅದನ್ನು ಅವನಿಂದ ಕಲಿಯಬೇಕಾಗಿರಲಿಲ್ಲ. ಆದರೂ ಅವನು ಹೇಳಿದ ರೀತಿ ನನಗೆ ಸೇರಿತು.

ಎರಡನೆಯದನ್ನು ಅವನು ಹೆಸರಿನ ಬೆಳೆಗೆ ಕಳೆ ತೆಗೆಯುವ ದಿನಗಳಲ್ಲಿ ಬಿಟ್ಟ. ಈಗ ಬಿಡುವುದು ಅಂದರೆ ಫೋನಿನಲ್ಲಿ ಬಿಡುವುದು, ಕೈಗೆ ಸಿಗುವಂಥದ್ದೇನೂ ಇಲ್ಲ. ಕೇಳಿದವರು ಅಲ್ಲೇ ಕೆಳಗೆ ಬರೆಯುತ್ತಾರೆ. ಮೊದಲನೆಯದಕ್ಕೆ ಹೂವು, ಬೆಂಕಿ, ಹೆಬ್ಬೆರಳು ಇಟ್ಟವರೇ ಇದಕ್ಕೆ, ಮೊದಲಿನಂಗ ಹಾಡ್ರಿ ಅಣ್ಣಾ, ಅಂತ ಬರೆದರು. ಯಾರಾದರೂ ತೀರಿಕೊಂಡಿದ್ದಾರೇನು ಅಂತ ಒಬ್ಬ ಕೇಳಿದ್ದ. ನಮ್ಮೂರ ಚಹಾದಂಗಡಿಯವನು ಎರಡು ಹಾಡು ಕೇಳಿ, ಮಿಕ್ಸರಿನಲ್ಲಿ ಕಲ್ಲು ಹಾಕಿದ ಹಾಗಿದೆ ಅಂದ. ನಮ್ಮ ಶಾಲೆಯ ಹೆಡ್‌ಮಾಸ್ತರರು ಸಭ್ಯರು, ‘ಪ್ರಯೋಗ’ ಅಂದರು. ಅವ್ವ ರೊಟ್ಟಿ ಬಡಿಯುತ್ತ ಮೂರು ಹಾಡು ಕೇಳಿದಳು. ಊರಿಗೆ ಬಂದಿದ್ದ ಮಗ ಎದುರಿಗೇ ಕೂತಿದ್ದ. ‘ಯಾಕಪಾ, ಯಾರ ಮ್ಯಾಲೆ ಇಷ್ಟ ಸಿಟ್ಟು?’ ಅಂದಳು. ಬರೀ ಅಷ್ಟು ಮಾತಿಗೆ ಅವನ ಕಣ್ಣು ಕೆಂಪಾದವು. ಅವನಿಗೆ ಹೊಗಳಿಕೆ ಬೇಕಿತ್ತು ಅಂತಲ್ಲ. ಅವನಿಗೆ ಬೇಕಾಗಿದ್ದದ್ದು ಅಪ್ಪ ಕೇಳುವುದು. ಅಪ್ಪ ಮೊದಲನೇ ಹಾಡಿನ ಅರ್ಧಕ್ಕೇ ಎದ್ದು ಎಮ್ಮೆಗೆ ನೀರು ಕುಡಿಸಲು ಹೋಗಿದ್ದ.

ಅಪ್ಪನ ಬಗ್ಗೆ ಇಲ್ಲಿ ಹೇಳಲೇಬೇಕು. ಅಪ್ಪ ಹಲಗಿ ಬಾರಿಸುತ್ತಿದ್ದ. ಊರಲ್ಲಿ ಯಾರೇ ಸತ್ತರೂ ಹೆಣದ ಮುಂದೆ ನಡೆದು ಬಾರಿಸುವುದು ನಮ್ಮ ಮನೆತನಕ್ಕೆ ಅಂಟಿಕೊಂಡು ಬಂದಿತ್ತು. ಮಣ್ಣು ಮಾಡಿ ಬಂದವರು ಮಿಂದು ಒಳಗೆ ಉಣ್ಣುವಾಗ ಅಪ್ಪ ಹೊರಗೆ ಬೇವಿನ ಗಿಡದ ಬುಡಕ್ಕೆ ಕಾಯುತ್ತಿದ್ದ, ಯಾರಾದರೂ ಬಂದು ಅವನು ಹಾಸಿದ ಟವೆಲ್ಲಿಗೆ ಅನ್ನ ಸುರುವುವ ತನಕ. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ನಮ್ಮ ಓಣಿಯ ಕೆಲವು ಮನೆಯವರು ಬುದ್ಧನ ದೀಕ್ಷೆ ತಗೊಂಡರು. ಅವರ ಜೊತೆ ದೀಕ್ಷೆ ತಗೊಂಡು ಮನೆಗೆ ಬಂದವನೇ ಅಪ್ಪ ಹಲಗಿಯ ಚರ್ಮ ಕಿತ್ತು ಹಾಕಿದ. ಉಳಿದ ಕಟ್ಟಿಗೆಯ ಬಳೆಗೆ ಅವ್ವ ಜಾಳಿಗೆ ಬಡಿಸಿ ಹಿಟ್ಟಿನ ಸಾಣಿಗಿ ಮಾಡಿಸಿಕೊಂಡಳು. ಆ ಸಾಣಿಗಿ ಈಗಲೂ ನಮ್ಮ ಅಡಿಗೆ ಮನೆಯಲ್ಲಿದೆ.

ಊರು ಅದನ್ನು ಸುಲಭಕ್ಕೆ ನುಂಗಲಿಲ್ಲ. ಆ ವರ್ಷ ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ. ಜೋಳ ಬೀಸಿಸಲು ಅವ್ವ ಬಾಜು ಊರಿನ ಗಿರಣಿಗೆ ನಡೆದು ಹೋಗುತ್ತಿದ್ದಳು. ಅಪ್ಪ ಜಗ್ಗಲಿಲ್ಲ. ಮುಂದೆ ಹೈಸ್ಕೂಲಿನಲ್ಲಿ ಸಿಪಾಯಿ ಕೆಲಸ ಸಿಕ್ಕಿತು, ಹಲಗಿ ಬಿಟ್ಟ ಕೈ ಶಾಲೆಯ ಗಂಟೆ ಹಿಡಿಯಿತು, ರಿಟೈರ್ ಆಗುವ ತನಕ ಹಿಡಿದೇ ಇತ್ತು. ಊರಿನ ಸಾವುಗಳಿಗೆ ಬೇರೆ ಊರಿನಿಂದ ಗಾಡಿ ಮಾಡಿ ಬಾರಿಸುವವರನ್ನು ಕರೆಸತೊಡಗಿದರು. ಅಪ್ಪ ಬಾರಿಸಲಿಲ್ಲ, ಬಾರಿಸುವುದನ್ನು ನೋಡಲೂ ಹೋಗಲಿಲ್ಲ. ಊರಿನ ಯಾವ ಸಾವಿಗೂ ಹೋಗಲಿಲ್ಲ. ತಮ್ಮ ಹುಟ್ಟಿದ್ದು ಇದೆಲ್ಲ ಮುಗಿದ ಮೇಲೆ. ಅವನು ಅಪ್ಪನ ಕೈಯಲ್ಲಿ ಹಲಗಿ ಕಂಡವನೇ ಅಲ್ಲ.

ಆಲ್ಬಮ್ ಬಂದ ವಾರದೊಳಗೇ ಅದು ಆಯಿತು. ಶನಿವಾರ, ನನಗೆ ಬೆಳಗಿನ ಶಾಲೆ, ಬೇಗ ಮನೆಗೆ ಬಂದಿದ್ದೆ. ನಮ್ಮ ಕಾಕಾನ ಮಗ ಗೌಡರ ಹೊಲದಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಅಣ್ಣತಮ್ಮಂದಿರ ಅಭಿಮಾನ ನೋಡಿ, ಊರಿಗೆ ಹಿಡಿಸದ ಆಲ್ಬಮ್ಮನ್ನು ಅವನು ಊರಿಗೇ ಕೇಳುವಂತೆ ಹಚ್ಚಿದ್ದ. ಮೊದಲಿನ ಹಾಡುಗಳು ಗಾಳಿಯಲ್ಲಿ ಮುಲುಕಾಟದಂತೆ ಬಂದು ಹೋದವು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಏಳನೇ ಹಾಡಿಗೆ ಬಂತು. ಅದು ಅದರಲ್ಲೇ ಉದ್ದನೆಯದು. ಮೊದಲು ಗಿಟಾರುಗಳು ಒಂದೇ ಸಮ ಗುಡುಗುತ್ತವೆ, ಆಮೇಲೆ ತಮ್ಮನ ಮಾತುಗಳು ಬರುತ್ತವೆ, ಆಮೇಲೆ ಒಂದೊಂದೇ ವಾದ್ಯ ನಿಲ್ಲುತ್ತದೆ. ಕೊನೆಗೆ ಒಂದು ಹಲಗಿ ಮಾತ್ರ ಉಳಿಯುತ್ತದೆ. ಕಾಲು ಗಂಟೆಗೂ ಹೆಚ್ಚು ಹೊತ್ತು ಉಳಿಯುತ್ತದೆ.

ಸಾವಿನ ಹಲಗಿ ಕಿವಿಗೆ ಬಿದ್ದರೆ ನಮ್ಮೂರಲ್ಲಿ ಯಾರೂ ಮಣ್ಣು ಕೆದರುವುದಿಲ್ಲ. ಹೆಣ ಊರೊಳಗಿದ್ದಾಗ ಹೊಲದಲ್ಲಿ ಕಳೆ ತೆಗೆಯುವ ಕುರ್ಪಿ ಆಡಬಾರದು ಅಂತ ನಡೆದು ಬಂದಿದೆ. ಹಾಗಾಗಿ ಆ ದಿನ ಹೆಸರು, ಹತ್ತಿ, ಶೇಂಗಾ ಅಂತ ಯಾರ್ಯಾರ ಹೊಲದಲ್ಲಿ ಯಾರ್ಯಾರು ಬಾಗಿದ್ದರೋ ಅವರೆಲ್ಲ ನಡು ನೆಟ್ಟಗೆ ಮಾಡಿ ನಿಂತರು, ಕುರ್ಪಿ ಬುಟ್ಟಿಗೆ ಹಾಕಿಕೊಂಡು ಊರ ಕಡೆ ನಡೆದರು. ಗಿರಣಿ ನಿಂತಿತು. ಚಹಾದಂಗಡಿಯವನು ಒಲೆ ಆರಿಸಿ ಅರ್ಧ ಶಟರ್ ಎಳೆದ. ನಾನೂ ಊರಬಾಗಿಲಿನ ಅಗಸಿಗೆ ಓಡಿದೆ. ಅಲ್ಲಿ ಕೂಡಿದ ಜನ ಒಬ್ಬರನ್ನೊಬ್ಬರು ಕೇಳುತ್ತಿದ್ದರು, ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಆಮೇಲೆ ಎಲ್ಲರ ಕಣ್ಣೂ ಮೆಲ್ಲಗೆ ಗೌಡರ ಮನೆಯ ಕಡೆ ಹೊರಳಿದವು. ಹಿರೇಗೌಡರು ಉಗಾದಿಯಿಂದ ಹಾಸಿಗೆ ಹಿಡಿದಿದ್ದರು. ಹೆಣ್ಣುಮಕ್ಕಳು ಸೆರಗು ಬಾಯಿಗೆ ಒತ್ತಿಕೊಂಡು ಆ ಕಡೆ ಹೊರಟೂ ಬಿಟ್ಟರು.

ಅಷ್ಟರಲ್ಲಿ ಹಿರೇಗೌಡರೇ ಮೊಮ್ಮಗಳ ಹೆಗಲು ಹಿಡಿದು ಕಟ್ಟೆಗೆ ಬಂದು ನಿಂತರು. ‘ಯಾರ ಹ್ವಾದ್ರೋ?’ ಅಂತ ಕೇಳಿದರು.

ಬೇರೆ ದಿನವಾಗಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಆವತ್ತು ನಗು ಬರಲಿಲ್ಲ, ಯಾಕೆಂದರೆ ಹಲಗಿ ಇನ್ನೂ ನಿಂತಿರಲಿಲ್ಲ, ಮತ್ತು ಅದು ಯಾರದೆಂದು ನನಗೆ ಗೊತ್ತಾಗಿತ್ತು. ಪರವೂರವರು ಬಾರಿಸುವುದು ಬೇರೆ, ಅವಸರದ್ದು. ಇದು ಎರಡು ಪೆಟ್ಟು ಹಾಕಿ, ಮೂರನೆಯದನ್ನು ತಡೆದು, ಕೇಳುವವನ ಉಸಿರು ಸಿಕ್ಕಿಕೊಂಡ ಮೇಲೆ ಹಾಕುವ ಕೈ. ಚಿಕ್ಕವಳಿದ್ದಾಗ ಓಣಿಯ ತುದಿಯಲ್ಲಿ ನಿಂತು ಕೇಳಿದ ಕೈ. ನನ್ನ ಬಾಜು ನಿಂತಿದ್ದ ಮುದುಕಿಯೊಬ್ಬಳು ನನ್ನ ರಟ್ಟೆ ಹಿಡಿದು, ‘ನಿಮ್ಮಪ್ಪನ ಕೈ ಅಲ್ಲೇನವಾ ಇದು?’ ಅಂದಳು. ಹಿರೇಗೌಡರಿಗೂ ಗುರುತು ಸಿಕ್ಕಿರಬೇಕು. ಅವರು ನಮ್ಮ ಓಣಿಯ ಕಡೆ ನೋಡುತ್ತ, ಮುಗಿಯುವ ತನಕ ನಿಂತೇ ಇದ್ದರು.

ಜನ ನಮ್ಮ ಮನೆಗೆ ಬಂದರು. ಅಪ್ಪ ಅಂಗಳದಲ್ಲಿ ಪೇಪರು ಹಿಡಿದು ಕೂತಿದ್ದ. ಪೇಪರು ಹಿಡಿದಿದ್ದನೇ ಹೊರತು ಓದುತ್ತಿರಲಿಲ್ಲ. ಎದುರಿಗೆ ಬಾರಿಸದೆ ಕೂತ ಮನುಷ್ಯನನ್ನು ಕಂಡು ಬಂದವರಿಗೆ ಏನು ಕೇಳಬೇಕೋ ತಿಳಿಯಲಿಲ್ಲ. ಕಾಕಾನ ಮಗ ಓಡಿ ಬಂದು, ಅದು ಹಾಡು, ತನ್ನದೇ ತಪ್ಪು, ಅಂತ ಎಲ್ಲರಿಗೂ ಕೈಮುಗಿದ. ಅರ್ಧ ದಿನದ ಕೆಲಸ ಹಾಳಾಯಿತೆಂದು ಕೆಲವರು ಬೈದರು. ಕೆಲವರಿಗೆ ಮೋಜೆನಿಸಿತು. ಒಬ್ಬಾತ ಹೋಗುವಾಗ, ಅಪ್ಪ ಬಿಟ್ಟದ್ದನ್ನು ಮಗ ಹಿಡಿದ, ಅಂತ ಹೇಳಿ ಹೋದ. ಬೈದವರ ಮಾತಿಗಿಂತ ಆ ಮಾತು ಅಪ್ಪನಿಗೆ ತಾಗಿತು. ನಾನು ಅವನ ಮುಖ ನೋಡುತ್ತಿದ್ದೆ.

ಮರುದಿನ ತಮ್ಮ ಹುಬ್ಬಳ್ಳಿಯಿಂದ ಬಂದ. ಸುದ್ದಿ ಕೇಳಿ ಬಂದಿದ್ದ, ಮುಖ ಸಣ್ಣದಾಗಿತ್ತು. ಅವನು ಉಂಡು ಕೈ ತೊಳೆದ ಮೇಲೆ ಅಪ್ಪ ಕೇಳಿದ.

‘ಯಾರ ಕಲಿಸಿದ್ರು ನಿನಗ?’

‘ನೀನ ಕಲಿಸೀದಿ.’

‘ನಾ ನಿನ್ನ ಮುಂದ ಒಂದಿನಾ ಹಲಗಿ ಮುಟ್ಟಿಲ್ಲ.’

‘ಹಲಗಿ ಅಲ್ಲಪಾ. ಸಣ್ಣಾವಿದ್ದಾಗ ನೀ ನನ್ನ ಬೆನ್ನ ಮ್ಯಾಲೆ ಬಡದು ಮಲಗಸ್ತಿದ್ದಿ. ಅದ ಇದು. ಎರಡು ಪೆಟ್ಟು, ಮತ್ತ ತಡದು ಒಂದು. ನನಗ ಅದು ಸಾವಿಂದು ಅಂತ ಗೊತ್ತ ಇರಲಿಲ್ಲ. ನಿದ್ದಿದು ಅನಕೊಂಡಿದ್ದೆ.’

ಅಡಿಗೆ ಮನೆಯಲ್ಲಿ ಅವ್ವನ ಕೈ ನಿಂತಿತು. ಅಪ್ಪ ತನ್ನ ಬಲಗೈಯನ್ನು ಮಡಿಲಿಗಿಟ್ಟುಕೊಂಡು, ಅದು ಬೇರೆ ಯಾರದೋ ಅನ್ನುವಂತೆ ನೋಡಿದ. ‘ನಾ ಬಿಟ್ಟೀನಿ ಅನಕೊಂಡಿದ್ದೆ’ ಅಂದ. ಎದ್ದು ಹೋದ.

ನನಗೆ ಆಗ ಅಪ್ಪನ ಬಗ್ಗೆ ಆದ ಸಂಕಟವನ್ನು ಹೇಗೆ ಹೇಳಲಿ. ಕೂಲಿ ಕಳೆದುಕೊಂಡು, ಗಿರಣಿ ಕಳೆದುಕೊಂಡು, ಊರಿನ ಮುಂದೆ ಒಬ್ಬನೇ ನಿಂತು ಬಿಟ್ಟದ್ದನ್ನು ಅವನ ಕೈ ಹೇಳದೆ ಕೇಳದೆ ಮಗನಿಗೆ ದಾಟಿಸಿತ್ತು. ಸಂಕಟದ ಜೊತೆಗೆ ಒಂದಿಷ್ಟು ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ. ನಾನು ಅವ್ವನ ಬಾಜು ಮಲಗುತ್ತಿದ್ದವಳು. ನನ್ನ ಬೆನ್ನಿಗೆ ಆ ಕೈ ಬಿದ್ದಿರಲಿಲ್ಲ.

ತಮ್ಮ ಆ ಹಾಡನ್ನು ತೆಗೆದುಬಿಡುತ್ತೇನೆ ಅಂದ. ತೆಗೆ ಅಂತಲೂ ಬೇಡ ಅಂತಲೂ ಅಪ್ಪ ಹೇಳಲಿಲ್ಲ. ಕೆಲವು ದಿನ ಬಿಟ್ಟು, ನಾನು ಶಾಲೆಯಿಂದ ಬಂದಾಗ ಅಪ್ಪ ಹಿತ್ತಲಲ್ಲಿ ಒಬ್ಬನೇ ಕೂತಿದ್ದ. ನನ್ನ ಫೋನು ಕೇಳಿದ. ತಮ್ಮನ ಜೊತೆ ಮಾತಾಡುತ್ತಾನೇನೋ ಅಂದುಕೊಂಡು ನಂಬರು ಹಚ್ಚಲು ಹೋದೆ. ಅದಲ್ಲ, ಆ ಹಾಡು, ಮೊದಲಿನಿಂದ, ಅಂದ. ಹಚ್ಚಿ ಕೊಟ್ಟೆ. ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಗಿಟಾರಿನ ಗುಡುಗನ್ನೆಲ್ಲ ತಾಳಿಕೊಂಡು ಕೇಳಿದ. ಗುಡುಗಿನ ನಡುವೆ ತಮ್ಮನ ಮಾತುಗಳಿವೆ. ಊರ ಸಾವಿಗೆಲ್ಲ ಮುಂದೆ ನಡೆದವನಿಗೆ ಎಲೆ ಹಾಕಿದವರು ಯಾರು, ಬೇವಿನ ಬುಡಕ್ಕೆ ಟವೆಲ್ ಹಾಸಿದವನ ಹೆಸರು ಯಾರಿಗೆ ಗೊತ್ತು, ಅವನ ಸಾವಿಗೆ ಬಾರಿಸುವವರು ಯಾರು ಅಂತ ಕೇಳುತ್ತಾನೆ. ಟವೆಲ್ಲಿನ ವಿಷಯ ಅವನಿಗೆ ಅವ್ವ ಹೇಳಿದ್ದು. ಅಪ್ಪ ಎಂದೂ ಹೇಳಿರಲಿಲ್ಲ. ಹಾಡು ಮುಗಿದ ಮೇಲೆ ಫೋನನ್ನು ಅಂಗಿಯ ತುದಿಗೆ ಒರೆಸಿ ನನಗೆ ಕೊಟ್ಟ.

ಹೆಸರುಕಾಯಿ ಬಿಡಿಸುವ ಹೊತ್ತಿಗೆ ಹಿರೇಗೌಡರು ತೀರಿಕೊಂಡರು. ಈ ಸಲ ನಿಜವಾಗಿ. ಬೆಳಿಗ್ಗೆ ಗೌಡರ ಮಗ, ಜೊತೆಗೆ ಊರಿನ ಹಿರಿಯರೊಬ್ಬರು, ನಮ್ಮ ಮನೆಗೆ ಬಂದರು. ಗೌಡರ ಮಗನಿಗೂ ಅರವತ್ತು ದಾಟಿದೆ. ಅವರು ನಮ್ಮ ಓಣಿಗೆ ಮತ ಕೇಳಲು ಬಂದದ್ದುಂಟು, ಮನೆಯೊಳಗೆ ಬಂದು ಕುರ್ಚಿಯಲ್ಲಿ ಕೂತದ್ದು ಇಲ್ಲ. ಕೂತರು. ಅತ್ತಿದ್ದ ಕಣ್ಣು. ಸುತ್ತು ಬಳಸದೆ ವಿಷಯಕ್ಕೆ ಬಂದರು. ಆ ಶನಿವಾರ ಕಟ್ಟೆಗೆ ಬಂದು ನಿಂತಿದ್ದ ಅವರ ಅಪ್ಪ, ಒಳಗೆ ಹೋದ ಮೇಲೆ, ತಾವು ಸತ್ತಾಗ ಆ ಕೈಯೇ ಮುಂದೆ ನಡೆಯಬೇಕು ಅಂದಿದ್ದರಂತೆ. ಸಾಯುವ ಮುನ್ನಾದಿನವೂ ಅಂದರಂತೆ.

‘ನಿಮ್ಮ ಹುಡುಗ ಜಗತ್ತಿಗೆಲ್ಲಾ ಬಾರಿಸ್ಯಾನ’ ಅಂದರು. ‘ನಮ್ಮಪ್ಪಗ ಇದೊಂದಿನ ನೀವು ಬಾರಿಸ್ರಿ. ಹಳೇದೆಲ್ಲಾ ಮರತು ಬಿಡ್ರಿ.’

ಸುದ್ದಿ ತಿಳಿದು ತಮ್ಮನೂ ಆಗಷ್ಟೇ ಬಸ್ಸಿಳಿದು ಬಂದಿದ್ದ, ಬಾಗಿಲಲ್ಲಿ ನಿಂತಿದ್ದ. ಅವನು ಮಾಡಿದ ಹಾಡು ಅಪ್ಪನನ್ನು ಮತ್ತೆ ಅದೇ ಬಾಗಿಲಿಗೆ ತಂದು ನಿಲ್ಲಿಸಿತ್ತು. ಅಪ್ಪ ಹೂಂ ಅಂದರೆ ಅವನ ಇಷ್ಟು ವರ್ಷ ನೀರಿಗೆ ಹೋದಂತೆ. ಒಲ್ಲೆ ಅಂದರೆ ಸತ್ತವನ ಕೊನೆಯ ಆಸೆ ಮುರಿದವನೆಂಬ ಮಾತು. ಅವ್ವ ಚಹಾ ತಂದಿಟ್ಟಳು. ಗೌಡರ ಮಗ ಬಟ್ಟಲು ತಗೊಂಡು ಕುಡಿದರು. ಅದಕ್ಕೂ ನಾನು ಅಪ್ಪನ ಮುಖವನ್ನೇ ನೋಡಿದೆ.

ಅಪ್ಪ ತಡೆದು ಹೇಳಿದ. ‘ನಾ ಬಾರಸೂದಿಲ್ರಿ. ನಿಮ್ಮಪ್ಪಗೂ ಇಲ್ಲ, ನಮ್ಮಪ್ಪಗೂ ಇಲ್ಲ.’

ಜೊತೆಗೆ ಬಂದ ಹಿರಿಯರು, ಹಾಗಿದ್ದರೆ ಟ್ರ್ಯಾಕ್ಟರಿನ ಮೇಲೆ ಆ ಹಾಡಿನ ಹಲಗಿಯಷ್ಟನ್ನು ಹಚ್ಚಿಕೊಳ್ಳುತ್ತೇವೆ, ಅದಕ್ಕೆ ಯಾರ ಅಪ್ಪಣೆ ಬೇಕು, ಅಂದರು. ತಮ್ಮ ಮುಂದೆ ಬಂದ, ಬಾಯಿ ತೆರೆದ. ಅಪ್ಪ ಕೈ ಎತ್ತಿ ಅವನನ್ನು ತಡೆದ.

‘ಹಚ್ರಿ. ಹಾಡು ಮಾಡಿದ್ದ ಕೇಳಾಕ. ಆದ್ರ ಹಲಗಿ ಅಷ್ಟ ಕಡದು ಹಚ್ಚಬ್ಯಾಡ್ರಿ. ಮೊದಲಿಂದ ಹಚ್ರಿ, ನನ್ನ ಮಗನ ಮಾತು ಸುದ್ದಾ. ನಾ ಪೂರಾ ಕೇಳೀನಿ. ನೀವೂ ಪೂರಾ ಕೇಳ್ರಿ.’

ಗೌಡರ ಮಗ ಬಟ್ಟಲು ಕೆಳಗಿಟ್ಟರು. ಹೂಂ ಅಂದರು. ಆ ಮಾತುಗಳು ಏನೆಂದು ಅವರಿಗೆ ಆಗ ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯದು.

ಮಧ್ಯಾಹ್ನ ಹಿರೇಗೌಡರನ್ನು ಹೂವಿನ ವಿಮಾನದಲ್ಲಿ ಕೂಡಿಸಿ ಅವರ ಹೊಲಕ್ಕೆ ಕರೆದೊಯ್ದರು. ಮುಂದೆ ಭಜನೆಯವರು, ಅವರ ಮುಂದೆ ಕಾಕಾನ ಮಗನ ಟ್ರ್ಯಾಕ್ಟರು. ಅಗಸಿ ದಾಟುತ್ತಲೇ ಭಜನೆಯವರು ತಾಳ ನಿಲ್ಲಿಸಿದರು, ಏಳನೇ ಹಾಡು ಶುರುವಾಯಿತು. ಗಿಟಾರುಗಳು ಗುಡುಗಿದಾಗ ಕೆಲವರು ಕಿವಿ ಮುಚ್ಚಿಕೊಂಡರು. ಆಮೇಲೆ ಮಾತು ಬಂದವು. ಒಲ್ಲೆ ಅಂದರೂ ಕೇಳಬೇಕು, ಸ್ಪೀಕರು ಅಂಥವು. ಎಲೆ ಹಾಕಿದವರು ಯಾರು ಅಂತ ಬಂದಾಗ ಹಿಂದಿನಿಂದ ಯಾರೋ, ಆರಸ್ರಿ ಅದನ್ನ, ಅಂದರು. ಕಾಕಾನ ಮಗ ತಿರುಗಿ ನೋಡಿದ. ಗೌಡರ ಮಗ ವಿಮಾನದ ಬದಿಗೆ ನಡೆಯುತ್ತಿದ್ದರು, ತಲೆ ಎತ್ತದೆ, ಬೇಡ ಅನ್ನುವಂತೆ ಕೈ ಆಡಿಸಿದರು. ಹಾಡು ನಡೆಯಿತು. ಚಹಾದಂಗಡಿಯವನು ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ರಟ್ಟೆ ಹಿಡಿದಿದ್ದ ಆ ಮುದುಕಿ ಬಿಕ್ಕಿ ಬಿಕ್ಕಿ ಅತ್ತಳು. ಯಾರಿಗಾಗಿ ಅತ್ತಳೆಂದು ಕೇಳುವುದು ಸರಿಯಲ್ಲ. ಆ ಆಲ್ಬಮ್ಮಿನ ಬಗ್ಗೆ ಫೋನಿನಲ್ಲಿ ಯಾರೇನೇ ಬರೆದಿರಲಿ, ನನ್ನ ತಮ್ಮನಿಗೆ ಕೇಳುಗರು ಸಿಕ್ಕಿದ್ದು ಅವತ್ತು.

ಅಪ್ಪ ಬಂದಿದ್ದ. ಹಲಗಿ ಬಿಟ್ಟ ಮೇಲೆ ಊರಿನ ಸಾವಿಗೆ ಅವನು ಬಂದದ್ದು ಅದೇ ಮೊದಲು. ಮುಂದೆ ಅಲ್ಲ, ಎಲ್ಲರ ನಡುವೆ, ಬಿಳಿ ಅಂಗಿ ಹಾಕಿಕೊಂಡು ನಡೆಯುತ್ತಿದ್ದ. ನಾನು ಹೆಂಗಸರ ಗುಂಪು ಬಿಟ್ಟು ಅವನ ಬಾಜು ಹೋದೆ. ವಾದ್ಯಗಳು ಒಂದೊಂದಾಗಿ ನಿಂತವು, ಹಲಗಿ ಉಳಿಯಿತು. ಆಗ ನೋಡಿದೆ. ಅಪ್ಪ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಿದ್ದ, ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದ. ಬೆರಳು ಬಿಳಚಿಕೊಂಡಿದ್ದವು. ನೋವಾಗುತ್ತದೆ, ಕೈ ಬಿಡು ಅಂದೆ.

‘ಬಿಟ್ರ ಅದು ಬಡೀತೈತಿ ಯವ್ವಾ’ ಅಂದ.

ನಾನೇ ಆ ಕೈ ಬಿಡಿಸಿ ನನ್ನ ಕೈಯೊಳಗೆ ಹಿಡಿದುಕೊಂಡೆ. ಎರಡು ಪೆಟ್ಟು, ಮತ್ತೆ ತಡೆದು ಒಂದು. ಗೌಡರ ಹೊಲ ಮುಟ್ಟುವ ತನಕ ಅದು ನನ್ನ ಅಂಗೈಯಲ್ಲಿ ಬಡಿಯುತ್ತಲೇ ಇತ್ತು, ನನಗೊಬ್ಬಳಿಗೇ ಗೊತ್ತಾಗುವಂತೆ.